ದಕ್ಷಿಣದ ಕೊಂಬೆ

ವಿಹಾರದ ಅತಿಥಿಕೋಣೆ,
ಬುಧವಾರ ಸಂಜೆ

ಪ್ರೀತಿಯ ಅಮ್ಮಾ,

ಮರಗಳ ಡಾಕ್ಟರೆಂದು ನನ್ನನ್ನು ಇಲ್ಲಿಗೆ ಕರೆಸಿದಾಗ ಬೀದಿಗೆಲ್ಲ ಹೇಳಿಕೊಂಡು ಬಂದವಳು ನೀನು. ಬೋಧಿವೃಕ್ಷಕ್ಕೆ ಗರಗಸ ಇಟ್ಟರೆ ಆ ಕೈಯಿಂದ ನೀರೂ ಕುಡಿಯುವುದಿಲ್ಲ ಎಂದು ಬರೆದವಳೂ ನೀನೇ. ಇಂದು ಬೆಳಿಗ್ಗೆ ದಕ್ಷಿಣದ ಕೊಂಬೆಯನ್ನು ಕಡಿದೆವು. ಗರಗಸ ಹಿಡಿದದ್ದು ನಾನು.

ಕೊಂಬೆಯ ಬುಡದಲ್ಲಿ ಅಣಬೆ ಎದ್ದಿತ್ತು. ತಟ್ಟಿದರೆ ಖಾಲಿ ಡಬ್ಬದ ಸದ್ದು. ಅದರ ಕೆಳಗೇ ಯಾತ್ರಿಕರು ಚಾಪೆ ಹಾಸಿ ಧ್ಯಾನಕ್ಕೆ ಕೂರುತ್ತಾರೆ.

ಹಿರಿಯ ಭಿಕ್ಷುಗಳು ಒಪ್ಪಲಾರರು ಎಂದುಕೊಂಡಿದ್ದೆ. ಅವರು ನನ್ನನ್ನು ಮರದ ಸುತ್ತ ನಡೆಸುತ್ತ, ಬುದ್ಧ ಅರಿವು ಪಡೆದದ್ದು ಯಾವ ಮರದಡಿಯೋ ಅದರ ಸಂತಾನ ಇದು ಎಂದರು. ಅರಿವಾದ ಮೇಲೆ ಅವನು ಒಂದು ವಾರ ಕಣ್ಣು ಮಿಟುಕಿಸದೆ ಆ ಮರವನ್ನೇ ನೋಡುತ್ತ ನಿಂತನಂತೆ, ನೆರಳು ಕೊಟ್ಟಿದ್ದಕ್ಕೆ. "ನಾವು ಕೈ ಮುಗಿಯೋದು ಆ ಉಪಕಾರಕ್ಕಮ್ಮ. ನಾಳೆ ಯಾರ ತಲೆ ಮೇಲಾದ್ರೂ ಬಿದ್ರೆ ಕೆಟ್ಟ ಹೆಸರು ಮರಕ್ಕೇ ತಾನೇ?" ಎಂದರು.

ಕಡಿಯುವ ಮೊದಲು ಭಿಕ್ಷುಗಳೆಲ್ಲ ಮರದ ಕ್ಷಮೆ ಕೇಳಿ ಸೂತ್ರ ಪಠಿಸಿದರು. ಬೇಲಿಯಾಚೆಯಿಂದ ನಿನ್ನ ವಯಸ್ಸಿನ ಹೆಂಗಸೊಬ್ಬರು, "ಏನಮ್ಮಾ ತಾಯಿ, ಕಡಿಯೋಕೆ ನಿಂಗೆ ಬೇರೆ ಮರಾನೇ ಸಿಗ್ಲಿಲ್ವಾ?" ಎಂದು ಕೂಗಿದರು. ಕೆಳಗೆ ನನ್ನ ಹಗ್ಗ ಹಿಡಿದಿದ್ದ ಸಹಾಯಕ ಹುಡುಗ ಕೋತಿ (ನಾವು ಅವನನ್ನು ಕರೆಯುವುದೇ ಹಾಗೆ), "ಹುಷಾರು ಅಕ್ಕಾ, ಅಲ್ಲಿಂದ ಬಿದ್ರೆ ನೇರ ನಿರ್ವಾಣ, ಕ್ಯೂನೂ ಇಲ್ಲ" ಎಂದ. ಭಿಕ್ಷುಗಳೂ ನಕ್ಕರು.

ಕೊಂಬೆಯನ್ನು ಮೆಲ್ಲಗೆ ಇಳಿಸಿ ಬಿಳಿ ಬಟ್ಟೆಯ ಮೇಲೆ ಮಲಗಿಸಿದೆವು. ಒಳಗೆ ತೋಳು ತೂರುವಷ್ಟು ಪೊಳ್ಳು. ಇಲ್ಲಿ ಎಲೆ ಕೀಳುವಂತಿಲ್ಲ, ತಾನಾಗಿ ಉದುರಿದ್ದನ್ನಷ್ಟೇ ಆರಿಸಿಕೊಳ್ಳಬೇಕು. ಕಡಿದ ಕೊಂಬೆಯ ಎಲೆ ಉದುರಿದ್ದೋ ಕಿತ್ತದ್ದೋ ಎಂದು ಜನ ವಾದಕ್ಕಿಳಿದರು. ನನ್ನನ್ನು ಬೈದಿದ್ದ ಹೆಂಗಸೇ ಮೊದಲು ಚೀಲ ಬಿಚ್ಚಿದರು.

ಹುಣ್ಣಿಮೆಗೆ ನಿನ್ನ ಯಾತ್ರೆಯ ತಂಡದ ಜೊತೆ ಬಂದಾಗ ನನ್ನ ಮುಖ ನೋಡುವುದು ಬೇಡವೆನಿಸಿದರೆ ನೋಡಬೇಡ. ನಾನು ಕಚೇರಿಯ ಹಿಂದೆ, ಸಾಮಾನಿನ ಕೋಣೆಯಲ್ಲೇ ಇರುತ್ತೇನೆ.

ಇಂತಿ ನಿನ್ನ
ದೊಡ್ಡವಳು

ತಾ.ಕ.: ಸದ್ಯಕ್ಕೆ ಕಬ್ಬಿಣದ ಆಸರೆ ಕೊಟ್ಟು ಹುಣ್ಣಿಮೆ ದಾಟಿಸೋಣ, ಆಮೇಲೆ ನಾನೇ ಬಂದು ಕಡಿಯುತ್ತೇನೆ ಎಂದು ನಮ್ಮ ಹಿರಿಯ ಡಾಕ್ಟರು ಹೇಳಿದ್ದರು. ಹೂಂ ಅಂದಿದ್ದರೆ ನಿನ್ನ ಮಾತು ಉಳಿಯುತ್ತಿತ್ತು. ಅಷ್ಟರಲ್ಲಿ ನಿಮ್ಮ ತಂಡದ ಯಜಮಾನರ ಫೋನ್ ಬಂತು. ನಿನಗೆ ಮಂಡಿನೋವು, ತಟ್ಟನೆ ಎದ್ದು ಸರಿಯಲಾಗದು, ಹಾಗಾಗಿ ದಕ್ಷಿಣದ ಕೊಂಬೆಯಡಿ ತಂಪಿನಲ್ಲೇ ಜಾಗ ಹಿಡಿದಿಡಬೇಕು ಎಂದರು. ನೀನೇ ಹೇಳಿಸಿದ್ದಂತೆ.

ಜಾಗ ಹಿಡಿದಿಟ್ಟಿದ್ದೇನೆ. ಅಲ್ಲೀಗ ಬಿಸಿಲು. ಕೊಡೆ ತಾ.