ಅಫಜಲಪುರ ಇಳಿಯುವವರು

ನವೆಂಬರ್ 3, 2025, ಸೋಮವಾರ. ಅಫಜಲಪುರ

ಗ್ರಂಥಾಲಯಕ್ಕೆ ರಜೆ. ಬಟ್ಟೆ ಒಗೆದೆ. ಗುರುನಾಥರ ಫೋನ್ ಚಾರ್ಜಿಗೆ ಹಾಕಿದೆ. ಸೋಮವಾರದ ಕೆಲಸ, ಅವರು ಹೋದಾಗಿನಿಂದ, ಎಂಟು ತಿಂಗಳು. ಸಿಮ್ ಇಲ್ಲದ ಫೋನ್. ಯಾರೂ ಕರೆಯುವುದಿಲ್ಲ. ನೂರಾದ ಮೇಲೆ ತೆಗೆದು ಅಲ್ಮೇರಾದಲ್ಲಿ ಇಟ್ಟೆ.

ಮಧ್ಯಾಹ್ನ ಆಳಂದದಿಂದ ಜಹೀರುದ್ದೀನ್ ಫೋನ್ ಮಾಡಿದರು. ಅವರು ಡ್ರೈವರ್, ನಮ್ಮ ಯಜಮಾನರು ಕಂಡಕ್ಟರ್. ಹನ್ನೊಂದು ವರ್ಷ ಒಂದೇ ಬಸ್ಸು, ಆಳಂದ–ಅಫಜಲಪುರ–ಜೇವರ್ಗಿ. ಮೊಣಕಾಲು ಹೋಗಿ ಇವರನ್ನು ಡಿಪೋದಲ್ಲಿ ಕುರ್ಚಿ ಕೆಲಸಕ್ಕೆ ಹಾಕಿದ ಮೇಲೂ ಇಬ್ಬರೂ ಆ ಬಸ್ಸು ಬಿಡಲಿಲ್ಲ. ಮೊಬೈಲಿನಲ್ಲಿ ಬಸ್ ಓಡಿಸುವ ಗೇಮ್. ಅದರಲ್ಲಿ ತಮ್ಮದೇ ರೂಟ್ ಕಟ್ಟಿಕೊಂಡಿದ್ದರು — ತಿರುವು, ಸೇತುವೆ, ಬೇವಿನ ಮರ ಸಮೇತ. ಆಳಂದದಲ್ಲಿ ಕೂತು ಅವರು ಓಡಿಸುವುದು, ಇಲ್ಲಿ ಕೂತು ಇವರು ಸೀಟಿ ಊದುವುದು.

"ಭಾಭಿ, ಸರ್ಕಾರದ ಹೊಸ ನಿಯಮ ಬಂದದ್ರಿ. ಗೇಮ್ ಆಡೋರೆಲ್ಲ ಮತ್ತೊಮ್ಮೆ ಗುರುತು ಕೊಡಬೇಕಂತ. ಎಲ್ಲಾರನೂ ಹೊರಗ ಹಾಕ್ಯಾರ. ಮೂವತ್ತನೇ ತಾರೀಖಿನೊಳಗ ಓಟಿಪಿ ಹಾಕಿ ಒಳಗ ಹೋಗ್ಲಿಲ್ಲಂದ್ರ ಖಾತೆನೇ ಅಳಸ್ತಾರ."

ಅಳಿಸಲಿ ಎಂದೆ.

"ಗುರುನ ದನಿ ಅದರಾಗ ಅದ, ಭಾಭಿ. ಬಸ್ ಅವನ ಖಾತೆದಾಗ ಅದ. ಸ್ಟಾಪ್ ಸ್ಟಾಪಿಗೂ ಕೂಗಿ ತುಂಬ್ಯಾನ."

ಗೊತ್ತಿರಲಿಲ್ಲ ಎಂದೆ.

ನವೆಂಬರ್ 4

ನಿನ್ನೆ ಹೇಳಿದ್ದು ಸುಳ್ಳು. ಗೊತ್ತಿತ್ತು.

ಫೆಬ್ರವರಿಯ ಒಂದು ಸಂಜೆ. ಇದೇ ಕುರ್ಚಿ. "ಯಶೋಧರಾ, ಬಾ, ಒಮ್ಮೆ ನನ್ನ ಬಸ್ ಹತ್ತು. ಸ್ಟಾಪೆಲ್ಲಾ ನಾನೇ ಕೂಗೇನಿ. ಟಿಕೆಟ್ ಕೇಳಂಗಿಲ್ಲ." ಓದುತ್ತಿದ್ದೆ. ದಪ್ಪ ಕಾದಂಬರಿ, ಎರಡು ಭಾಷೆ ದಾಟಿ ಕನ್ನಡಕ್ಕೆ ಬಂದದ್ದು. ಈ ಅಧ್ಯಾಯ ಮುಗೀಲಿ ಎಂದೆ. ಮುಗಿಯಿತು. ಇನ್ನೊಂದು ಶುರು ಮಾಡಿದೆ. ಅವರು ಮತ್ತೆ ಕರೆಯಲಿಲ್ಲ. ಮಾರ್ಚ್ 9ಕ್ಕೆ ಡಿಪೋದಲ್ಲಿ, ಕೂತಲ್ಲೇ...

ಆ ಪುಸ್ತಕದ ಅನುವಾದಕರ ಹೆಸರು ನೆನಪಿದೆ. ಕಥೆ ನೆನಪಿಲ್ಲ.

ನವೆಂಬರ್ 7, ಶುಕ್ರವಾರ

ಓಟಿಪಿ ಹೋಗುವುದು ಅವರ ನಂಬರಿಗೆ. ಆ ನಂಬರ್ ಮುಚ್ಚಿಸಿದವಳು ನಾನು. ಏಪ್ರಿಲ್ 2. ಗ್ರಂಥಾಲಯದಲ್ಲಿ ಸೈಬರ್ ಜಾಗೃತಿ ಕಾರ್ಯಕ್ರಮ ಆಗಿತ್ತು — ಸತ್ತವರ ಸಿಮ್ ಹಾಗೇ ಬಿಡಬಾರದು, ದುರುಪಯೋಗ ಆಗುತ್ತದೆ. ಮರುದಿನವೇ ಮರಣಪತ್ರದ ಪ್ರತಿ ತೆಗೆದುಕೊಂಡು ಹೋದೆ. ಎಲ್ಲ ಎಷ್ಟು ಅಚ್ಚುಕಟ್ಟಾಗಿ ಮಾಡಿದಳು ಎಂದು ಮನೆಯವರು ಹೊಗಳಿದರು. ನನ್ನ ಹೆಸರಿಗೆ ಮಾಡಿಸಿಕೊಳ್ಳಬಹುದಿತ್ತು ಎಂದು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಇವತ್ತು ಆ ನಂಬರಿಗೆ ಫೋನ್ ಹಚ್ಚಿದೆ. ಯಾಕೋ. ರಿಂಗಾಯಿತು. ಯಾರೋ ಎತ್ತಿದರು. ನಾನು ಬಾಯಿ ತೆರೆಯುವ ಮೊದಲೇ:

"ಬಸ್ಸೇನ್ರಿ? ಇನ್ನಾ ಘತ್ತರಗಿ ದಾಟಿಲ್ರಿ."

ಹೆಸರು ಮಲ್ಕಪ್ಪ. ಜೇವರ್ಗಿಯಲ್ಲಿ ದಾಲ್ ಮಿಲ್ಲಿನಲ್ಲಿ ತೂಕ ಮಾಡುವವರು. ಆಗಸ್ಟಿನಲ್ಲಿ ಹೊಸ ಸಿಮ್ ಕೊಂಡರಂತೆ, ಕಂಪನಿ ಈ ನಂಬರ್ ಕೊಟ್ಟಿತಂತೆ. ನಮ್ಮ ಕಡೆ ಬಸ್ ಎಲ್ಲಿದೆ ಎಂದು ಕಂಡಕ್ಟರಿಗೇ ಫೋನ್ ಮಾಡಿ ಕೇಳುವುದು. ರೂಟಿನ ಹಳ್ಳಿಗಳಲ್ಲಿ ಅರ್ಧ ಜನರ ಹತ್ತಿರ ಗುರುನಾಥರ ನಂಬರ್ ಇತ್ತು. ಈಗಲೂ ಇದೆ.

"ಮೊದಮೊದಲ ಬೈತಿದ್ದೆರಿ. ರಾಂಗ್ ನಂಬರ್ ಅಂದ್ರ, ಇರ್ಲಿ ಬಿಡ್ರಿ, ಬಸ್ ಎಲ್ಲದ ಹೇಳ್ರಿ ಅಂತಾರ. ಕಡೀಕ ಬಸ್ ಸ್ಟ್ಯಾಂಡಿಗೆ ಹೋಗಿ ಟೈಮ್ ಬರಕೊಂಡು ಬಂದು ಗ್ವಾಡಿಗೆ ಹಚ್ಚೇನಿ. ಅಂದಾಜಿನ ಮ್ಯಾಲ ಹೇಳಿಬಿಡ್ತೇನಿ."

ವಿಷಯ ಹೇಳಿದೆ. ಓಟಿಪಿ ಎನ್ನುತ್ತಲೇ ದನಿ ಬದಲಾಯಿತು.

"ಅಕ್ಕಾರ, ಓಟಿಪಿ ಯಾರಿಗೂ ಹೇಳಬ್ಯಾಡ್ರಿ ಅಂತ ಫೋನೇ ಹೇಳ್ತದಲ್ರಿ. ಸರ್ಕಾರ ಬ್ಯಾಡಂದದ್ದು ನಾ ಹೆಂಗ್ ಹೇಳ್ಲಿ?"

"ತೀರಿಕೊಂಡವರ ಗೇಮಿನ ಸಲುವಾಗಿ ಕೇಳ್ತಿದೀನಿ."

"ಸತ್ತೋರು ಗೇಮ್ ಆಡ್ತಾರೇನ್ರಿ?"

ಇಟ್ಟುಬಿಟ್ಟರು. ತಪ್ಪಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಇಡುತ್ತಿದ್ದೆ.

ನವೆಂಬರ್ 12

ಪತ್ರಿಕೆ ಕೋಣೆಯಲ್ಲಿ ದೌಲತರಾಯರು. ನಿವೃತ್ತ ಮಾಸ್ತರರು, ದಿನಾ ಬರುತ್ತಾರೆ. ಹೊಸ ನಿಯಮದ ಸುದ್ದಿ ಜೋರಾಗಿ ಓದಿದರು.

"ಈ ಗೇಮಿನಿಂದ ಊರ ಹಾಳಾಗಿತ್ತು. ಸರ್ಕಾರ ಇನ್ನಾ ಬಿಗಿ ಮಾಡಬೇಕು."

ಸ್ಪರ್ಧಾ ಪರೀಕ್ಷೆಗೆ ಓದುವ ಸುಮಂಗಲಾ ತಲೆ ಎತ್ತದೆ, "ಕಾಕಾ, ನೀವೂ ಮೊಬೈಲಿನ್ಯಾಗ ದಿನಾ ಪಗಡಿ ಆಡ್ತೀರಲ್ರಿ."

"ಅದು ಗೇಮ್ ಅಲ್ಲವ್ವಾ. ಪಗಡಿ ಪಾಂಡವರೂ ಆಡ್ಯಾರ."

"ಆಡಿ ಏನಾದ್ರು ನೋಡ್ರಿ ಮತ್ತ."

ಎಲ್ಲರೂ ನಕ್ಕರು. ದೌಲತರಾಯರು ನನ್ನ ಕಡೆ ತಿರುಗಿದರು. "ನಮ್ಮ ಅರ್ಜಿ ಹಾಳಾಗ್ಲಿಲ್ಲ ನೋಡ್ರಿ, ಮೇಡಂ."

ಜನವರಿಯಲ್ಲಿ ಅವರೊಂದು ಅರ್ಜಿ ತಂದಿದ್ದರು, ಗೇಮುಗಳಿಗೆ ಕಡಿವಾಣ ಬೇಕೆಂದು. ಭಾಷೆ ಸಡಿಲವಾಗಿತ್ತು. ತಿದ್ದಿದೆ. ಒಂದು ವಾಕ್ಯ ಸೇರಿಸಿದೆ: "ಖಾತೆದಾರರಲ್ಲದ ಬೇರೆ ಯಾರೂ ಖಾತೆಯನ್ನು ಬಳಸಲು ಸಾಧ್ಯವಾಗಬಾರದು." ಮನೆಯಲ್ಲಿ ಹೇಳಿದಾಗ ಗುರುನಾಥ, "ನನ್ನ ಮ್ಯಾಲೇ ಅರ್ಜಿ ಬರದೀ ಏನು?" ಎಂದು ನಕ್ಕಿದ್ದರು.

ಆ ಅರ್ಜಿಯಿಂದ ಈ ನಿಯಮ ಬಂದಿಲ್ಲ. ಗೊತ್ತು. ಅರ್ಜಿ ಎಲ್ಲಿಗೂ ಮುಟ್ಟಿರಲಿಕ್ಕಿಲ್ಲ. ಆದರೂ ವಾಕ್ಯ ನನ್ನದು. ಈಗಲೂ ಅದರಲ್ಲಿ ತಪ್ಪು ಕಾಣುವುದಿಲ್ಲ.

ನವೆಂಬರ್ 21, ಶುಕ್ರವಾರ

ಮಲ್ಕಪ್ಪ ತಾವಾಗಿ ಫೋನ್ ಮಾಡಿದರು. ನನ್ನ ಫೋನಿನಲ್ಲಿ ಆ ನಂಬರಿನ ಹೆಸರು ಬದಲಿಸಿಲ್ಲ. ಗುರುನಾಥ ಎಂದೇ ಬಂತು. ಎದ್ದು ನಿಂತೆ. ಆಮೇಲೆ ಕೂತೆ.

"ನಿನ್ನಿ ಅಮಾಸಿ ಇತ್ತಲ್ರಿ. ಒಬ್ಬಾಕಿ ಮುದುಕಿ ಹಚ್ಚಿದ್ಳು, ಘತ್ತರಗಿ ಭಾಗಮ್ಮನ ಗುಡಿಗೆ ಹೋಗಾಕ. ಆ ಕಂಡಕ್ಟರ್ ಇಲ್ಲಬೇ ಯವ್ವಾ, ತೀರಿಕೊಂಡಾನ ಅಂದೆ. ಅತ್ತಳ್ರಿ. ಕೈ ಹಿಡದು ಇಳಸ್ತಿದ್ದ, ಕಾಯಿ ಚೀಲ ತಾನೇ ಕೆಳಗ ಇಡ್ತಿದ್ದ ಅಂದ್ಳು. ಕಳ್ಳರ ಸಲುವಾಗಿ ಯಾರೂ ಹಂಗ ಅಳಂಗಿಲ್ರಿ."

ಓಟಿಪಿ ಮಾತಿಗೆ ತಾವೇ ಬಂದರು.

"ಫೋನಿನ್ಯಾಗ ಹೇಳಂಗಿಲ್ಲ, ಅಕ್ಕಾರ. ನೀವೇ ಬರ್ರಿ. ಎದುರಾಎದುರು ಕುಂತು ಓಟಿಪಿ ತೋರಸ್ತೇನಿ. ರವಿವಾರ ಮಿಲ್ಲಿಗೆ ಸೂಟಿ ಇರ್ತದ."

ನವೆಂಬರ್ 23, ರವಿವಾರ

ಹೋಗಲಿಲ್ಲ.

ಬೆಳಿಗ್ಗೆ ಜಹೀರುದ್ದೀನ್ ಬಂದರು, ಚೀಲದಲ್ಲಿ ಬಾಳೆಹಣ್ಣು. ಹೇಗೆ ಮಾಡಬೇಕೆಂದು ತಮ್ಮ ಫೋನಿನಲ್ಲಿ ತೋರಿಸಿದರು. ಓಟಿಪಿ ಆದ ಮೇಲೆ ಇನ್ನೊಂದು ಪುಟ. ಚೌಕದಲ್ಲಿ ಗುರುತು ಹಾಕಬೇಕು: "ಈ ಖಾತೆಯ ಮೂಲ ಬಳಕೆದಾರ ನಾನೇ. ಬೇರೆಯವರ ಪರವಾಗಿ ಪ್ರವೇಶಿಸುತ್ತಿಲ್ಲ. ಸುಳ್ಳಾದರೆ ಕಾನೂನು ಕ್ರಮಕ್ಕೆ ಬದ್ಧ." ತೀರಿಕೊಂಡವರ ಖಾತೆಗೆ ಬೇರೆ ದಾರಿ ಇದೆಯೇ ಎಂದು ಕಂಪನಿಗೆ ಬರೆದಿದ್ದೆ. ಉತ್ತರ ಒಂದು ನಿಮಿಷದಲ್ಲಿ ಬಂದಿತ್ತು: ಖಾತೆದಾರರೇ ಸಂಪರ್ಕಿಸಲಿ.

"ಯಾರು ನೋಡ್ತಾರ ಭಾಭಿ, ಒತ್ತಿಬಿಡ್ರಿ."

"ಸುಳ್ಳು ಅಲ್ವಾ?"

"ಡ್ರೈವರ್ ಆಗಿ ಎಷ್ಟು ಸಲ ಟೈಮಿಗೆ ಸರಿಯಾಗಿ ಬಿಟ್ಟೇನಿ ಅಂತ ಬರದೇನಿ. ಅಷ್ಟೇ ಸುಳ್ಳು."

ಇಪ್ಪತ್ತೆರಡು ವರ್ಷ ದಾಸ್ತಾನು ಪುಸ್ತಕ ಬರೆದಿದ್ದೇನೆ. ಅದರಲ್ಲಿ ಒಂದು ಸುಳ್ಳು ಸಾಲಿಲ್ಲ. ಬೇರೇನೂ ನನ್ನ ಹತ್ತಿರ ಇಲ್ಲ, ಹೇಳಿಕೊಳ್ಳಲಿಕ್ಕೆ.

ಚಹಾ ಕೊಟ್ಟೆ. ಕೇಳಬಾರದೆಂದುಕೊಂಡದ್ದು ಕೇಳಿದೆ: ಅಫಜಲಪುರ ಸ್ಟಾಪಿನಲ್ಲಿ ಅವರು ಏನಂತ ಕೂಗುತ್ತಾರೆ?

ಚಹಾದ ಬಸಿ ಕೆಳಗಿಟ್ಟರು. "ಘತ್ತರಗಿಗೆ ಕಾಯಿ ಚೀಲ ಮರೀಬ್ಯಾಡ್ರಿ ಅಂತಾನ. ಅಫಜಲಪುರಕ್ಕ ಉದ್ದಕ ಕೂಗ್ಯಾನ. ಕಡೀಕ ಲೈಬ್ರರಿ ಅಂತ ಬರ್ತದ... ನಿಮಗೇ ಏನೋ ಅಂತಾನ."

"ಏನು? ಅವರಂದ ಹಾಗೇ ಹೇಳ್ರಿ."

"ಅಲ್ಲಿ ತಿರುವು ಭಾಳ ಬಿಗಿ ಕಟ್ಟೇವಿ, ಭಾಭಿ. ನನ್ನ ಲಕ್ಷ್ಯ ಸ್ಟೇರಿಂಗಿನ ಮ್ಯಾಲ ಇರ್ತಿತ್ತು." ಆಮೇಲೆ, ಮೆಲ್ಲಗೆ: "ಅದು ಹೇಳಾಕ ಬರಂಗಿಲ್ಲ. ಅವನ ದನಿಲೇ ಕೇಳಬೇಕು."

ನವೆಂಬರ್ 26

ಓದುತ್ತಿರುವ ಪುಸ್ತಕದ ಅದೇ ಪುಟ. ಮೂರು ದಿನದಿಂದ.

ನವೆಂಬರ್ 29, ಶನಿವಾರ. ಸಂಜೆ 5.40

ನಾಳೆ ಕೊನೆಯ ದಿನ. ಮೇಲಿನವರಿಗೆ ರಜೆ ಅರ್ಜಿ ಕೊಟ್ಟೆ. ಕಾರಣ: ಸ್ವಂತ ಕೆಲಸ.

ಇಷ್ಟು ವರ್ಷ ಅನುವಾದ ಓದಿದೆ. ಮೂಲ ಹೇಗಿತ್ತೋ ಎಂದು ಒಂದು ದಿನವೂ ಹಂಬಲಿಸಲಿಲ್ಲ. ಕೈಗೆ ಬಂದದ್ದು ಸಾಕಾಗಿತ್ತು. ಈಗ ಮುದುಕಿ ಹೇಳಿದ್ದನ್ನು ಮಲ್ಕಪ್ಪ ಹೇಳಿದರು, ಗುರುನಾಥ ಕೂಗಿದ್ದನ್ನು ಜಹೀರುದ್ದೀನ್ ಹೇಳಿದರು. ಸಾಲುತ್ತಿಲ್ಲ. ಒಂದೇ ಒಂದು ಸಾಲು, ಅದು ಮೂಲದಲ್ಲಿ ಬೇಕು.

ಗುರುತು ಹಾಕುತ್ತೇನೆ. ಗುರುನಾಥ ನಾನೇ ಎಂದು. ನಿಯಮ ತಪ್ಪೆಂದು ಅಲ್ಲ. ನಿಯಮ ಸರಿ ಇದೆ, ಮುರಿಯುವವಳು ನಾನು. ದಾಸ್ತಾನಿಗೆ ಇರಲಿ ಎಂದು ಇಲ್ಲಿ ಬರೆದಿದ್ದೇನೆ.

ಅವರ ಫೋನ್ ಚಾರ್ಜಾಗಿದೆ. ಸೋಮವಾರ ಅಲ್ಲದಿದ್ದರೂ. ಕೈಚೀಲದಲ್ಲಿ ಪುಸ್ತಕ ಇಟ್ಟಿಲ್ಲ. ಗೇಮಿನ ಬಸ್ಸಿನಲ್ಲಿ ಆಳಂದದಿಂದಲೇ ಕೂರುತ್ತೇನೆ, ಮೊದಲ ಸ್ಟಾಪಿನಿಂದ. ಅಫಜಲಪುರ ಬಂದರೂ ಇಳಿಯುವುದಿಲ್ಲ.

ಜೇವರ್ಗಿಗೆ ಮೊದಲ ಬಸ್ಸು ಎಷ್ಟಕ್ಕೋ ಗೊತ್ತಿಲ್ಲ. ಯಾವತ್ತೂ ಗೊತ್ತಿರಲಿಲ್ಲ. ಗುರುನಾಥರಿಗೇ ಫೋನ್ ಹಚ್ಚಿ ಕೇಳುತ್ತಿದ್ದೆ. ಈಗ ಕೇಳಬೇಕಾದದ್ದೂ ಅದೇ ನಂಬರಿಗೆ. ಇದಿಷ್ಟು ಬರೆದು ಹಚ್ಚುತ್ತೇನೆ.