ಕಾಯುವ ಪಟ್ಟಿಯ ಮೊದಲ ಹೆಸರು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಚೂಟಿ,

ಫೋನು ಕೈಯಲ್ಲೇ ಇರುವಾಗ ಇವಳೇಕೆ ಕಾಗದ ಬರೆಯಲು ಕೂತಳು ಎಂದು ನಿನಗೆ ಅನ್ನಿಸಬಹುದು. ನಿನ್ನ ದನಿ ಕೇಳಿದರೆ ನಾನು ಮತ್ತೆ ‘ಅಮ್ಮ ಆರಾಮಾಗಿದ್ದಾರೆ’ ಎಂದುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ತರಗತಿಯ ನಡುವೆ ಓದಬೇಡ. ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ಓದು.

ನಿನ್ನಮ್ಮ ಆರಾಮಾಗಿಲ್ಲ ಕಣೇ.

ವಿದೇಶಕ್ಕೆ ಹೋಗುವ ಮೊದಲು ಭಾಷೆ ಕಲಿಯಬೇಕೆಂದು ನೀನು ರಾಜಧಾನಿಗೆ ಹೋದೆಯಲ್ಲ, ಅದಾದ ಸ್ವಲ್ಪ ದಿನಕ್ಕೇ ಅವರಿಗೆ ಉಸಿರು ಕಟ್ಟಲು ಶುರುವಾಯಿತು. ಮೊದಮೊದಲು ಮೆಟ್ಟಿಲು ಹತ್ತುವಾಗ, ಆಮೇಲೆ ಬಟ್ಟೆ ಮಡಚುವಾಗ. ಈಗ ಬೆನ್ನಿಗೆ ದಿಂಬು ಕೊಟ್ಟು ಕೂತೇ ನಿದ್ದೆ ಮಾಡುತ್ತಾರೆ. ಪಾದ ಊದಿಕೊಂಡು ಚಪ್ಪಲಿ ಹಿಡಿಯುತ್ತಿಲ್ಲ ಎಂದರು. ಅಳತೆ ತೆಗೆದು ಹೊಸದು ಮಾಡಿಕೊಡುತ್ತೇನೆ ಎಂದು ತಮಾಷೆ ಮಾಡುತ್ತಾ ಅವರ ಕಾಲು ಹಿಡಿದೆ. ಹೆಬ್ಬೆರಳು ಒತ್ತಿದಲ್ಲಿ ಬಿದ್ದ ಗುಳಿ ಹಾಗೇ ನಿಂತಿತು. ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರು ನನ್ನೊಬ್ಬಳನ್ನೇ ಪಕ್ಕದ ಕೋಣೆಗೆ ಕರೆದರು. “ನೀವು ಮಗಳಾ?” ಎಂದರು. ಮಗಳ ಸ್ನೇಹಿತೆ ಎಂದೆ.

“ಹೃದಯ ತುಂಬಾ ಸೋತಿದೆ. ಔಷಧಿ ಕೊಡ್ತೀವಿ, ಒಂದಷ್ಟು ದಿನ ಆರಾಮಾಗಿರ್ತಾರೆ. ಆದ್ರೆ ವರ್ಷಗಟ್ಲೆ ಎಳೆಯೋ ಹಾಗಿಲ್ಲ. ಮಗಳಿಗೆ ಹೇಳಿಬಿಡಿ.”

ಈಗ ನಾನು ಬರೆಯುವುದನ್ನು ಓದಿ ನೀನು ಈ ಕಾಗದ ಹರಿದು ಹಾಕಿದರೂ ಸರಿ. ಅವರು ಹಾಗೆ ಹೇಳುತ್ತಿರುವಾಗ ನನ್ನ ತಲೆಗೆ ಮೊದಲು ಬಂದದ್ದು ಅಮ್ಮನಲ್ಲ, ನೀನೂ ಅಲ್ಲ. ನಮ್ಮಿಬ್ಬರಿಗೂ ಬೇಕಿದ್ದ ಆ ವಿದೇಶದ ಸೀಟು. ನೀನು ಹೋಗದಿದ್ದರೆ ನಾನು ಹೋಗಬಹುದು ಎಂಬ ಯೋಚನೆ ಕರೆಯದೆ ಬಂದ ನೆಂಟರ ಹಾಗೆ ಒಳಗೆ ಬಂದು ಕೂತುಬಿಟ್ಟಿತು. ಹೊರಗೆ ಬಂದಾಗ ಬೆಂಚಿನ ಮೇಲೆ ಅಮ್ಮ ನನ್ನ ಕೈಚೀಲವನ್ನು ತೊಡೆಯ ಮೇಲಿಟ್ಟು ಕಾಯುತ್ತಿದ್ದರು. ಅವರ ಮುಖ ನೋಡಲಾಗದೆ ನೀರು ಕುಡಿಯುವ ನೆಪ ಮಾಡಿ ಆಚೆ ಹೋದೆ.

ವಿದೇಶದ ತರಬೇತಿಯ ವಿದ್ಯಾರ್ಥಿವೇತನದ ಫಲಿತಾಂಶ ಬಂದ ದಿನ ನಿನಗೆ ನೆನಪಿದೆಯೋ ಇಲ್ಲವೋ. ನಮ್ಮ ಕೇಂದ್ರದಲ್ಲಿ ಕೃತಕ ಕಾಲಿಗೆಂದು ಇಟ್ಟ ಪ್ಲಾಸ್ಟಿಕ್ ಹಾಳೆ ಒಲೆಯಲ್ಲಿ ಮೆತ್ತಗಾಗುತ್ತಿತ್ತು. ತಿಂಗಳುಗಟ್ಟಲೆ ಕಾದಿದ್ದೆವು. ಊಟದ ಡಬ್ಬಿ ತೆಗೆಯುವ ಮೊದಲು ಇಬ್ಬರೂ ಫೋನು ತೆಗೆದು ನೋಡುತ್ತಿದ್ದೆವು. ನಿನಗೆ ಸಿಕ್ಕಿತು, ನನ್ನ ಹೆಸರು ಕಾಯುವ ಪಟ್ಟಿಯಲ್ಲಿ ಮೊದಲನೆಯದು. ನೀನು ಕುಣಿಯದೆ ನನ್ನ ಮುಖವನ್ನೇ ನೋಡಿದೆ. ನಾನು ನಿನ್ನನ್ನು ತಬ್ಬಿಕೊಂಡೆ. ಒಲೆಯಲ್ಲಿದ್ದ ಹಾಳೆ ಸುಟ್ಟು ಹೋಯಿತು, ಮೇಸ್ತ್ರಿ ಇಬ್ಬರಿಗೂ ಸೇರಿಸಿ ಬೈದರು. ಮಕ್ಕಳಿಗೆ ಬೆರಳು ಮಡಚುವಂಥ ಕೃತಕ ಕೈ ಮಾಡುವುದನ್ನು ನಿನ್ನಷ್ಟು ಚೆನ್ನಾಗಿ ಕಲಿಯಬಲ್ಲವರು ನಮ್ಮ ಕೇಂದ್ರದಲ್ಲಿ ಯಾರೂ ಇಲ್ಲ. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಆಮೇಲೆ ದಿನವೂ ಫೋನು ನೋಡುವುದನ್ನು ನಾನು ಬಿಟ್ಟಿರಲಿಲ್ಲ. ಕಾಯುವ ಪಟ್ಟಿಯಲ್ಲಿರುವವರು ಏನನ್ನು ಕಾಯುತ್ತಾರೆ ಹೇಳು? ಯಾರಿಗಾದರೂ ಏನಾದರೂ ಆಗಲಿ ಎಂದಲ್ಲವೇ?

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅಮ್ಮನಿಗೆ ಎಲ್ಲ ಹೇಳಿದೆ. ಸುತ್ತಿ ಬಳಸಿ ಹೇಳಲು ಹೋದರೆ ಅವರೇ ತಡೆದು, “ನೇರ ಹೇಳು, ನಂಗೆ ಗೊತ್ತಾಗುತ್ತೆ” ಎಂದರು. ಕೇಳಿಸಿಕೊಂಡು, ಕಿಟಕಿಯ ಪರದೆ ಸರಿಮಾಡಿದರು. “ಅವಳಿಗೆ ಹೇಳಬೇಡ. ವಿಮಾನ ಹತ್ತೋವರೆಗೂ ಹೇಳಬೇಡ” ಎಂದರು.

“ಆಮೇಲೆ ಗೊತ್ತಾದ್ರೆ ನನ್ನನ್ನ ಸುಮ್ನೆ ಬಿಡ್ತಾಳಾ ಅಮ್ಮ?”

“ಬಿಡಲ್ಲ. ಆದ್ರೆ ಅಷ್ಟೊತ್ತಿಗೆ ದೂರದಲ್ಲಿರ್ತಾಳೆ.”

ಹಾಗೆಂದು ನಕ್ಕರು. ನಗು ಕೆಮ್ಮಾಯಿತು. ನಿನ್ನಮ್ಮ ಇಡೀ ಆಯುಷ್ಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವರು. ಮನೆಯಲ್ಲಿ ಸಾವಾದ ದಿನವೂ ದನಿಯಲ್ಲಿ ನಗು ತಂದು ಕರೆ ಜೋಡಿಸಿದವರು. ನೀನು ಫೋನು ಮಾಡಿದಾಗ ಅವರು ಮೊದಲು ಕೈಯೆತ್ತಿ ನನ್ನನ್ನು ಸುಮ್ಮನಿರಿಸುತ್ತಾರೆ, ಉಸಿರು ಕೂಡಿಸಿಕೊಳ್ಳುತ್ತಾರೆ, ಆಮೇಲೆ ‘ಏನ್ ಪುಟ್ಟಿ’ ಎನ್ನುತ್ತಾರೆ. ಮಾತು ಉದ್ದವಾದರೆ ಒಲೆ ಮೇಲೆ ಹಾಲಿದೆ ಎಂದು ಇಟ್ಟುಬಿಡುತ್ತಾರೆ. ಒಲೆಯ ಮೇಲೆ ಏನೂ ಇರುವುದಿಲ್ಲ. ಫೋನಿಟ್ಟ ಮೇಲೆ ಬಹಳ ಹೊತ್ತು ಅವರಿಗೆ ಮಾತೇ ಬರುವುದಿಲ್ಲ, ನಾನು ಬೆನ್ನು ಸವರುತ್ತಾ ಕೂರುತ್ತೇನೆ.

ಮೊನ್ನೆ ನೀನು ನನ್ನನ್ನೇ ಕೇಳಿದೆ, “ನಿಜ ಹೇಳು ನಿಧಾನಿ, ಅಮ್ಮನ ದನಿ ಯಾಕೋ ಸಣ್ಣಗಾಗಿದೆ” ಎಂದು. ಅಮ್ಮ ಎದುರಿಗೇ ಇದ್ದರು. ನೆಗಡಿ ಎಂದೆ. ಎಂದ ಮೇಲೆ ಗೊತ್ತಾಯಿತು, ಇನ್ನೊಂದು ಸಲ ಇದು ನನ್ನಿಂದ ಆಗುವುದಿಲ್ಲ ಎಂದು.

ನಿಜ ಹೇಳಿದರೆ ನಿನ್ನ ಸೀಟಿನ ಮೇಲೆ ಕಣ್ಣಿಟ್ಟು ಹೇಳಿದಳು ಎಂದಾಗುತ್ತದೆ. ಹೇಳದಿದ್ದರೆ, ಅಂಥವಳಲ್ಲ ಎಂದು ತೋರಿಸಿಕೊಳ್ಳಲು ನಿನ್ನ ಅಮ್ಮನನ್ನೇ ನಿನ್ನಿಂದ ಬಚ್ಚಿಟ್ಟ ಹಾಗಾಗುತ್ತದೆ. ಇದೇ ಹೊಯ್ದಾಟದಲ್ಲಿ ವಾರ ಕಳೆದೆ. ಒಂದು ಮಗುವಿನ ಕಾಲಿನ ಅಚ್ಚು ಹಾಳು ಮಾಡಿದೆ, ಅದು ಮತ್ತೆ ಬಂದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂರಬೇಕಾಯಿತು.

ಬಾ ಎಂದಾಗಲಿ, ಹೋಗು ಎಂದಾಗಲಿ ನಾನು ಹೇಳಲಾರೆ. ಬಂದರೆ ಅವರ ಪಕ್ಕದಲ್ಲಿರುತ್ತೀ. ಹೋದರೆ, ನಾನು ಅವರ ಕೋಣೆಯಲ್ಲೇ ಹಾಸಿಗೆ ಹಾಕಿಕೊಂಡಿದ್ದೇನೆ, ಇನ್ನು ಮುಂದೆಯೂ ಅಲ್ಲೇ ಇರುತ್ತೇನೆ. ತಾಯಿಯನ್ನು ಬಿಟ್ಟು ಹೋದಳು ಎಂದು ಯಾರಾದರೂ ಬಾಯಿಬಿಟ್ಟರೆ ಅವರಿಗೆ ಉತ್ತರ ಕೊಡುವುದು ನನಗಿರಲಿ.

ಈಗಷ್ಟೇ ಅಮ್ಮನಿಗೆ ಎಚ್ಚರವಾಯಿತು. ಯಾರಿಗೆ ಬರೀತಿದ್ದೀಯಾ ಎಂದರು. ಸುಳ್ಳು ಹೇಳಲಾಗಲಿಲ್ಲ. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಗೋಡೆ ಕಡೆ ಮುಖ ತಿರುಗಿಸಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ, “ಬರಬೇಡ ಅಂದಿದ್ದಾರೆ ಅಂತ ಬರಿ” ಎಂದರು. ಬರೆದಿದ್ದೇನೆ. ಇನ್ನೂ ಸ್ವಲ್ಪ ಹೊತ್ತಾದ ಮೇಲೆ, “ಅವಳ ಹಾಸಿಗೆ ಬಿಸಿಲಿಗೆ ಹಾಕಿದ್ಯಾ?” ಎಂದರು. ಇದನ್ನು ಬರೆ ಎಂದು ಅವರು ಹೇಳಲಿಲ್ಲ.

ನಿನ್ನ,
ನಿಧಾನಿ

ಮರೆತ ಮಾತು: ಶುಕ್ರವಾರ ವಿದ್ಯಾರ್ಥಿವೇತನದ ಕಚೇರಿಗೆ ಬರೆದು ಕಾಯುವ ಪಟ್ಟಿಯಿಂದ ನನ್ನ ಹೆಸರು ತೆಗೆಸಿದೆ. ನಿನ್ನೆ ಬೆಳಗ್ಗೆ ಅವರ ಒಪ್ಪಿಗೆ ಬಂತು. ಮೇಸ್ತ್ರಿ ನನ್ನನ್ನು ಪೆದ್ದಿ ಎಂದರು, ಇರಬಹುದು. ತ್ಯಾಗ ಗೀಗ ಎಂದೆಲ್ಲ ಅಳಬೇಡ, ನನಗೆ ಆ ಸೀಟು ಈಗಲೂ ಬೇಕು. ಆದರೆ ಆ ಪಟ್ಟಿಯಲ್ಲಿ ಹೆಸರಿಟ್ಟುಕೊಂಡು ಈ ಕಾಗದ ಬರೆಯಲು ನನ್ನಿಂದ ಆಗಲಿಲ್ಲ.