ಸುಳ್ಳುಮನೆಯ ನೆರಳಿನಿಂದ ಜಿನ್ನಿನ ಓಣಿಯವರಿಗೆ

ಶಕೆ ೨೧೬೩, ವೈಶಾಖದ ನಲವತ್ತೊಂದನೆಯ ದಿನ
ಗದಗ

ಜಿನ್ನಿನ ಓಣಿಯ ಹಿರಿಯರಿಗೆ ಸಂಗವ್ವ ಹೊಂಬಳಳ ಶರಣು ಶರಣಾರ್ಥಿಗಳು.

ತಾರೀಖು ನೋಡಿ ನಿಮಗೆ ನಗು ಬಂದಿರಬಹುದು. ನಮ್ಮ ಕಾಲದಲ್ಲಿ ಬೇಸಿಗೆ ಮುಗಿಯುವುದೇ ಇಲ್ಲವೆಂದು ವೈಶಾಖಕ್ಕೆ ಒಂದಿಷ್ಟು ದಿನಗಳನ್ನು ತೇಪೆ ಹಚ್ಚಿದಂತೆ ಸೇರಿಸಿದ್ದಾರೆ. ಆ ದಿನಗಳು ಯಾವ ವರ್ಷಕ್ಕೂ ಸೇರಿದವಲ್ಲ. ಆದ್ದರಿಂದ ಅವುಗಳಲ್ಲಿ ಬರೆದ ಕಾಗದ ಹಿಂದಕ್ಕೂ ಹೋಗಬಲ್ಲದು, ಮುಂದಕ್ಕೂ ಹೋಗಬಲ್ಲದು ಎಂದು ನಮ್ಮಲ್ಲಿ ನಂಬಿಕೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಶ್ಯಾವಿಗೆ ಹೊಸೆಯುವವಳು. ಕಾಗದ ಬರೆದು ರೂಢಿಯಿಲ್ಲ.

ನಿಮ್ಮ ಓಣಿಯ ಹಳೆಯ ಹತ್ತಿ ಜಿನ್ನಿನ ಜಾಗದಲ್ಲಿ ಬಡವರಿಗಾಗಿ ಕಡಿಮೆ ಬಾಡಿಗೆಯ ಮನೆಗಳ ಕಟ್ಟಡ ಬರಲಿದೆಯೆಂದೂ, ಬರುವ ಭಾನುವಾರ ಓಣಿಯವರು ಬಂದು ಅಭಿಪ್ರಾಯ ತಿಳಿಸಬೇಕೆಂದೂ ಬೋರ್ಡು ಹಾಕಿದ್ದಾರಲ್ಲ, ಅದಕ್ಕಾಗಿಯೇ ಈ ಕಾಗದ. ಶಾಮಿಯಾನ, ಕುರ್ಚಿ, ಕಿರುಗುಟ್ಟುವ ಮೈಕು, ಎಲ್ಲವೂ ನನ್ನ ಕಣ್ಣಿಗೆ ಕಟ್ಟಿದಂತಿವೆ. ಇರುವ ನಳದ ನೀರೇ ಸಾಲುತ್ತಿಲ್ಲ, ಗಾಡಿ ನಿಲ್ಲಿಸಲು ಜಾಗವಿಲ್ಲ, ಎಂಥೆಂಥವರೋ ಬಂದು ಸೇರಿಕೊಳ್ಳುತ್ತಾರೆ ಎಂದು ನೀವು ಹೇಳುತ್ತೀರಿ. ಹೇಳುವುದು ತಪ್ಪೆಂದು ನಾನು ಅನ್ನುವುದಿಲ್ಲ. ಆದರೆ ನೀವು ಇನ್ನೂ ಬೇಕೋ ಬೇಡವೋ ಎಂದು ಚರ್ಚೆ ಮಾಡುತ್ತಿರುವ ಆ ಕಟ್ಟಡದ ಎರಡನೆಯ ಮಹಡಿಯಲ್ಲಿ ನಾನು ವಾಸವಾಗಿದ್ದೇನೆ. ಗೋಡೆಗಳು ದಪ್ಪಗಿವೆ, ಮೆಟ್ಟಿಲು ಸವೆದು ನಡುವೆ ತಗ್ಗು ಬಿದ್ದಿವೆ, ಪಡುವಣಕ್ಕೆ ಮುಖಮಾಡಿದ ಮೊಗಸಾಲೆಯಲ್ಲಿ ಇಳಿಹೊತ್ತಿನ ಬಿಸಿಲು ಬೀಳುತ್ತದೆ. ನನಗಿರುವ ಬಿಸಿಲು ಅದೊಂದೇ. ಅದರಲ್ಲೇ ಓಣಿಯ ಎಲ್ಲ ಮದುವೆಗಳ ಶ್ಯಾವಿಗೆ ಒಣಗಬೇಕು.

ಈಗ ನಮ್ಮ ಪಡುವಣ ದಿಕ್ಕಿಗೆ ಇನ್ನೊಂದು ಕಟ್ಟಡ ಬರಲಿದೆ. ಕಡಲು ಊರನ್ನೇ ತೆಗೆದುಕೊಂಡಾಗ ಘಟ್ಟ ಹತ್ತಿ ಬಂದವರಿಗಾಗಿ ಆ ಮನೆಗಳು. ಇಂಥ ಹೊತ್ತಿನಲ್ಲಿ ನಾವು ಬೋರ್ಡು ಹಾಕುವುದಿಲ್ಲ, ಸುಳ್ಳುಮನೆ ಕಟ್ಟುತ್ತೇವೆ. ಅಂದರೆ ನಿಜವಾದ ಕಟ್ಟಡ ಎಷ್ಟು ಎತ್ತರವೋ ಅಷ್ಟೇ ಎತ್ತರಕ್ಕೆ ಬಿದಿರು ನಿಲ್ಲಿಸಿ, ಗೋಡೆಯ ಜಾಗದಲ್ಲೆಲ್ಲ ಬಟ್ಟೆ ಕಟ್ಟಿ, ಒಂದು ಬೇಸಿಗೆ ಪೂರ್ತಿ ಹಾಗೆಯೇ ಬಿಡುತ್ತೇವೆ. ಗಾಳಿ ಬಂದರೆ ಮನೆಗೆ ಮನೆಯೇ ಉಸಿರಾಡುತ್ತದೆ. ರೊಟ್ಟಿ ತಟ್ಟುವ ಸದ್ದು, ಕೂಸುಗಳ ಅಳು, ಯಾರೋ ಹಾಡುತ್ತಿರುವುದು, ಎಲ್ಲವೂ ಬಟ್ಟೆಯೊಳಗಿನಿಂದ ಸೋಸಿಕೊಂಡು ಬರುತ್ತದೆ. ಅಲ್ಲಿರಬೇಕಾದವರು ಅಲ್ಲೇ ಅಡಿಗೆ ಮಾಡಿ ಓಣಿಯವರನ್ನು ಊಟಕ್ಕೆ ಕರೆಯುತ್ತಾರೆ. ಮೊದಲ ಊಟದಲ್ಲಿ ನಮ್ಮ ಅಭಿಪ್ರಾಯ ಹೇಳಬೇಕು, ಬೇಸಿಗೆ ಕಳೆದು ಕೊನೆಯ ಊಟದಲ್ಲಿ ಅದನ್ನು ಉಳಿಸಿಕೊಳ್ಳಬೇಕು, ಇಲ್ಲವೇ ಹಿಂತೆಗೆದುಕೊಳ್ಳಬೇಕು. ಊಟ ಮಾಡದವರ ಮಾತಿಗೆ ಬೆಲೆಯಿಲ್ಲ.

ನಾನು ಮೊದಲ ಊಟಕ್ಕೆ ಹೋಗಿ, ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ಅನ್ನಸಾರಷ್ಟೇ ಉಂಡು, ನನ್ನ ಬಿಸಿಲು ಹೋಗುತ್ತದೆಂದು ಗಟ್ಟಿಯಾಗಿಯೇ ಹೇಳಿದೆ. ಪಕ್ಕದ ಮನೆಯ ನಿಂಬೆವ್ವ ಎಲ್ಲರೆದುರು ನನ್ನನ್ನು ಆಡಿಕೊಂಡಳು: "ಪುಕ್ಕಟೆ ನೆರಳ ಸಿಗಾಕತ್ತೈತಿ, ಈಕಿ ಬಿಸಿಲ ಬೇಕಂತಾಳ ನೋಡ್ರಿ." ಈ ಸುಡುಗಾಲದಲ್ಲಿ ಬಿಸಿಲು ಬೇಡುವವಳು ಹುಚ್ಚಿಯೇ ಇರಬೇಕು. ಆದರೆ ನೆರಳಲ್ಲಿ ಒಣಗಿದ ಶ್ಯಾವಿಗೆ ಮುಗ್ಗಲು ಹಿಡಿಯುತ್ತದೆ. ನನ್ನ ಕಸುಬು ನನಗೆ ಗೊತ್ತು. ಕಟ್ಟುವವರು ನನ್ನ ಮಾತು ಕೇಳಿ, ಮೇಲೊಂದು ಕಡೆ ಗೋಡೆಯಿಲ್ಲದೆ ಬಯಲು ಬಿಟ್ಟು ನನಗೆ ಬಿಸಿಲುಕಿಂಡಿ ಕೊಡುವುದಾಗಿ ಒಪ್ಪಿದರು. ನಾನು ಗೆದ್ದೆನೆಂದು ಮನೆಗೆ ಬಂದು ಹಾಯಾಗಿ ಮಲಗಿದೆ.

ಮರುದಿನದಿಂದ ಇಳಿಹೊತ್ತಿಗೆ ಒಬ್ಬ ಹೆಂಗಸು ಮೇಲೆ ಬಂದು, ಆ ಜಾಗದ ಬಟ್ಟೆಯನ್ನು ಎರಡೂ ಕಡೆ ಸುರುಳಿ ಸುತ್ತಿ ಕಟ್ಟತೊಡಗಿದಳು. ನೆರಳಿನ ನಡುವೆ ಒಂದು ಚೌಕ ಬಿಸಿಲು ನನ್ನ ಮೊಗಸಾಲೆಗೆ ಬಂದು ಕೂಡುತ್ತಿತ್ತು. ಹೊತ್ತು ಇಳಿದಂತೆ ಅದು ಒಳಗೊಳಗೆ ಸರಿಯುತ್ತಿತ್ತು, ಅದರ ಹಿಂದೆ ನಾನು ಶ್ಯಾವಿಗೆಯ ಕೋಲುಗಳನ್ನು ಸರಿಸುತ್ತಿದ್ದೆ. ಆ ಚೌಕದಲ್ಲಿ ಕಾಲು ಚಾಚಿ ಕೂತರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ನಾನು ನಿದ್ದೆಯಲ್ಲಿದ್ದೇನೋ ಎಚ್ಚರವಿದ್ದೇನೋ ತಿಳಿಯುತ್ತಿರಲಿಲ್ಲ. ಬಟ್ಟೆಯ ಮನೆಯೇ ಹಾಯಿ ಬಿಚ್ಚಿ ಓಣಿಯನ್ನೆಲ್ಲ ಹೊತ್ತು ಹೊರಟಂತೆ ಅನಿಸುತ್ತಿತ್ತು. ಆಕೆ ಮೇಲಿನಿಂದ ಕೂಗುತ್ತಿದ್ದಳು: "ಅಕ್ಕಾ, ಬಿಸ್ಲು ಬಂತಾ? ಸಾಕಾ, ಇನ್ನೂ ಸ್ವಲ್ಪ ಎತ್ಲಾ?" ನಾನು ಕೈ ಬೀಸುತ್ತಿದ್ದೆ. ಬಟ್ಟೆ ಎತ್ತುವುದಕ್ಕೆಂದೇ ಕೂಲಿಗೆ ಇಟ್ಟವಳಿರಬೇಕೆಂದುಕೊಂಡಿದ್ದೆ.

ಇವತ್ತು ಸಂಡಿಗೆಯ ಡಬ್ಬಿ ಹಿಡಿದುಕೊಂಡು ಆಕೆಗೆ ಕೊಟ್ಟು ಬರೋಣವೆಂದು ಬಿದಿರಿನ ಏಣಿ ಹತ್ತಿದೆ. ಆ ಬಯಲು ಕೋಣೆಯಲ್ಲಿ ಒಲೆಯಿತ್ತು, ಒಂದು ಮೂಲೆಯಲ್ಲಿ ಹಾಸಿಗೆ ಸುತ್ತಿಟ್ಟಿತ್ತು, ಹಗ್ಗಕ್ಕೆ ಚಿಕ್ಕ ಮಕ್ಕಳ ಅಂಗಿಗಳನ್ನು ಹರವಿದ್ದರು. "ನಿನ್ನ ಮನಿ ಯಾವುದವ್ವಾ?" ಎಂದು ಕೇಳಿದೆ. ಆಕೆ ನಗುತ್ತಲೇ, "ಇದೇ ಅಕ್ಕಾ. ನೀವು ಕೇಳಿದ್ದು ಇದೇ ಅಲ್ವಾ" ಅಂದಳು.

ಸಂಡಿಗೆಯ ಡಬ್ಬಿಯನ್ನು ಅಲ್ಲೇ ನೆಲಕ್ಕಿಟ್ಟೆ. ಕಿಂಡಿ ಎಂದರೆ ಖಾಲಿ ಜಾಗ ಎಂದುಕೊಂಡಿದ್ದೆನೇ ಹೊರತು ಅದು ಯಾರದೋ ಅಡಿಗೆಮನೆ ಎಂದು ನನ್ನ ತಲೆಗೆ ಹೊಳೆದಿರಲಿಲ್ಲ. ಯಾರು ಮನೆ ಬಿಟ್ಟುಕೊಡಬೇಕಾಗುತ್ತದೋ ಅವರೇ ಬಟ್ಟೆ ಎತ್ತಿ ತೋರಿಸಬೇಕೆಂಬುದು ಕಡಲಿನವರು ತಮ್ಮತಮ್ಮಲ್ಲೇ ಮಾಡಿಕೊಂಡ ಕಟ್ಟಳೆಯಂತೆ. ನನಗೆ ಆಕೆಯ ಮೇಲೆಯೇ ಸಿಟ್ಟು ಬಂತು. ಒಂದು ಮಾತು ಮೊದಲೇ ಹೇಳಬಾರದಿತ್ತೇನವ್ವಾ ಎಂದು ಜಗಳ ತೆಗೆದೆ. ಆಕೆ, "ನಿಮ್ಮ ಊರು ಅಕ್ಕಾ, ನಾವು ಹೇಗೆ ಹೇಳೂದು? ಮುಂದಿನ ಊರಲ್ಲೂ ಸುಳ್ಳುಮನೆ ಕಟ್ತಾರಂತೆ, ಅಲ್ಲಿಗೆ ಹೋಗ್ತೇವೆ" ಅಂದಳು. ನನಗೆ ಅಳು ಬಂತು, ಮುಚ್ಚಿಡುವುದೇನಿದೆ.

ಆಕೆಯ ಹೆಸರು ಸುರಂಗಿ. ಬೇಸಿಗೆಯುದ್ದಕ್ಕೂ ಆಕೆ ಎತ್ತಿಕೊಟ್ಟ ಬಿಸಿಲಲ್ಲಿ ಕಾಲು ಕಾಯಿಸಿಕೊಂಡವಳು ನಾನು, ಹೆಸರು ಕೇಳಿದ್ದು ಇವತ್ತು.

ನಾಳೆ ಕೊನೆಯ ಊಟ. ನಾನು ಹೋಗಿ ಕಿಂಡಿ ಬೇಡ, ಗೋಡೆ ಕಟ್ಟಿರಿ ಎನ್ನುತ್ತೇನೆ. ಇದರಲ್ಲಿ ದೊಡ್ಡತನವೇನೂ ಇಲ್ಲ. ನಾಡಿದ್ದಿನಿಂದ ನನ್ನ ಮೊಗಸಾಲೆ ಕತ್ತಲಾಗುತ್ತದೆ, ಶ್ಯಾವಿಗೆ ಒಣಗಿಸಲು ಯಾರ ಮಾಳಿಗೆ ಬೇಡಲಿ ಎಂದು ಈಗಲೇ ಚಿಂತೆ ಹತ್ತಿದೆ, ಹೊಟ್ಟೆ ಉರಿಯುತ್ತದೆ. ನಿಂಬೆವ್ವ ಬಾಯಿತುಂಬ ನಗುತ್ತಾಳೆ, ನಗಲಿ.

ನಿಮ್ಮಲ್ಲಿ ಒಂದು ವಿನಂತಿ. ಭಾನುವಾರದ ನಿಮ್ಮ ಸಭೆಯಲ್ಲಿ ಕುರ್ಚಿಯ ಮೇಲೆ ಕೂಡುವವರೆಲ್ಲ ಮನೆ ಇದ್ದವರೇ. ನೀರಿನ ಮಾತು ಆಡಿ, ಗಾಡಿಯ ಮಾತು ಆಡಿ, ಬಿಸಿಲಿನ ಮಾತನ್ನೂ ಆಡಿ, ಯಾವುದನ್ನೂ ನುಂಗಿಕೊಳ್ಳಬೇಡಿ. ಆದರೆ ಆ ಮನೆಗಳಿಗೆ ಬರಬೇಕಾದವರು ಅಷ್ಟು ದೂರವೇನಿಲ್ಲ. ರೈಲು ಹಳಿಯ ಆಚೆ, ತಗಡಿನ ಶೆಡ್ಡಿನಲ್ಲಿ, ಬೇರೆಯವರ ಮನೆಯ ಪಾತ್ರೆ ತಿಕ್ಕಿ ಬಂದು ಈಗ ಅಡ್ಡಾದವಳೊಬ್ಬಳಿದ್ದಾಳೆ. ಅವಳ ವಂಶದಲ್ಲಿ ನಾನು ಹುಟ್ಟಬೇಕು. ಸಭೆಯಿದೆಯೆಂದು ಅವಳಿಗೆ ಯಾರೂ ಹೇಳಿಲ್ಲ. ಅವಳನ್ನು ಕರೆಸಿ, ಕುರ್ಚಿ ಕೊಡಿ. ಬೇಡ ಎನ್ನುವುದಿದ್ದರೆ ಅವಳ ಮುಖ ನೋಡಿ ಅನ್ನಿ.

ಅವಳ ಹೆಸರು ಹುಲಿಗೆವ್ವ.